ಹಾಡ್ಯಾಡಿ ಅಳಲೊಂದು ನಾಟಕ

ಬೆಂಗಳೂರಿನ ಜಕ್ಕೂರಿನಲ್ಲಿ ತಾರಸಿಯ ಮೇಲೆ ನಾಟಕ ಓದುವವರು ಮೊದಲು ಕಲಿಯಬೇಕಾದದ್ದು ಮಾತು ನಿಲ್ಲಿಸುವುದನ್ನು. 1948ರಲ್ಲಿ ಶುರುವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ಏರೋಡ್ರೋಮ್ ಇಲ್ಲಿಂದ ಕೂಗಳತೆಯಲ್ಲಿದೆ. ಪುಟ್ಟ ವಿಮಾನವೊಂದು ತಲೆಯ ಮೇಲೆ ಗುಂಯ್‌ಗುಟ್ಟುತ್ತ ಸುತ್ತು ಹೊಡೆದು ಹೋಗುವತನಕ ಎಂಥ ನಟನೂ ಬಾಯಿ ಮುಚ್ಚಿಕೊಂಡಿರಲೇಬೇಕು. ಈಚೆಗೊಂದು ಭಾನುವಾರ ಬೆಳಿಗ್ಗೆ ಹಾಗೆ ಅರ್ಧ ವಾಕ್ಯದಲ್ಲಿ ಬಾಯಿ ಮುಚ್ಚಿ ನಿಂತವನು ಒಬ್ಬ ಸತ್ತ ಮನುಷ್ಯ.

ಪಾತ್ರದಲ್ಲಿ ಸತ್ತವನು ಅನ್ನಿ. ನಿಜದಲ್ಲಿ ಆತ ನಾಗವಾರದ ಕಡೆಯ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ ಹುಡುಗ. ಅವನ ಜೊತೆಗೆ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರು, ಹಿಂದೆ ನರ್ಸ್ ಆಗಿದ್ದವರೊಬ್ಬರು, ಪಾರ್ಲರ್ ನಡೆಸುವಾಕೆ, ಕೀಬೋರ್ಡ್ ನುಡಿಸುವ ಕಾಲೇಜು ಹುಡುಗಿ, ಹೀಗೆ ಒಂದಷ್ಟು ಜನ. ತಂಡಕ್ಕೆ ಹೆಸರಿಲ್ಲ, ಟಿಕೆಟ್ ಇಲ್ಲ, ಪ್ರೇಕ್ಷಕರೂ ಇಲ್ಲ. ಯಾರೋ ಒಬ್ಬರ ಮನೆಯಲ್ಲಿ ಸೇರುತ್ತಾರೆ, ಒಂದು ನಾಟಕವನ್ನು ಗಟ್ಟಿಯಾಗಿ ಓದುತ್ತಾರೆ, ಉಪ್ಪಿಟ್ಟು ತಿಂದು ಎದ್ದು ಹೋಗುತ್ತಾರೆ. ಬೆಂಗಳೂರಿನಲ್ಲಿ ಇಂಥ ಗುಂಪುಗಳು ಬೇಕಾದಷ್ಟಿವೆ. ನನಗೆ ಈ ಗುಂಪು ಮನಸ್ಸಿಗೆ ಹತ್ತಿದ್ದು ಅವರು ಕೈಗೆತ್ತಿಕೊಂಡಿದ್ದ ನಾಟಕದಿಂದ, ಅದಕ್ಕಿಂತ ಹೆಚ್ಚಾಗಿ ಆ ನಾಟಕ ತಾರಸಿಯ ಮೆಟ್ಟಿಲ ಮೇಲೆ ಕೂತಿದ್ದ ಒಬ್ಬ ಹೆಂಗಸಿನ ಬಾಯಿಂದ ಹೊರಡಿಸಿದ ಮಾತಿನಿಂದ.

ನಾಟಕದ ಹೆಸರು ಉದ್ದ: 'ಎಲಿಜೀಸ್ ಫಾರ್ ಏಂಜೆಲ್ಸ್, ಪಂಕ್ಸ್ ಅಂಡ್ ರೇಜಿಂಗ್ ಕ್ವೀನ್ಸ್'. ಬಿಲ್ ರಸೆಲ್ ಬರೆದು, ಜಾನೆಟ್ ಹುಡ್ ಸಂಗೀತ ಕೊಟ್ಟದ್ದು. 1989ರಲ್ಲಿ ನ್ಯೂಯಾರ್ಕಿನಲ್ಲಿ ರಂಗಕ್ಕೆ ಬಂತು, 1993ರಲ್ಲಿ ಲಂಡನ್ನಿನ ಕ್ರೈಟೀರಿಯನ್ ರಂಗಮಂದಿರವನ್ನೂ ಹತ್ತಿತು. ಏಡ್ಸ್ ಕುರಿತ ಸಂಗೀತ ನಾಟಕ ಎಂದೊಡನೆ ಎಲ್ಲರೂ ಹೇಳುವುದು 1996ರ 'ರೆಂಟ್' ಹೆಸರನ್ನು. ಅದರ ಕರ್ತೃ ಜೊನಾಥನ್ ಲಾರ್ಸನ್ ಮೊದಲ ಪ್ರದರ್ಶನದ ಹಿಂದಿನ ರಾತ್ರಿ ತೀರಿಕೊಂಡದ್ದೂ ಸೇರಿ ಅದೊಂದು ದಂತಕಥೆಯಾಗಿದೆ. ನನಗೆ 'ರೆಂಟ್' ಯಾಕೋ ಒಗ್ಗಲಿಲ್ಲ. ಅಲ್ಲಿ ಸಾವಿಗಿಂತ ಯೌವನದ ಸಡಗರವೇ ಜಾಸ್ತಿ. 'ಎಲಿಜೀಸ್' ಹಾಗಲ್ಲ. ಅದರಲ್ಲಿ ಕಥೆಯಿಲ್ಲ, ನಾಯಕನಿಲ್ಲ, ಖಳನೂ ಇಲ್ಲ. ಏಡ್ಸ್‌ನಿಂದ ಸತ್ತ ಮೂವತ್ತಕ್ಕೂ ಹೆಚ್ಚು ಮಂದಿ ಒಬ್ಬೊಬ್ಬರಾಗಿ ಎದ್ದು ಬಂದು ತಮ್ಮ ಬದುಕನ್ನು ಪದ್ಯದ ಲಯದಲ್ಲಿ ತಾವೇ ಹೇಳುತ್ತಾರೆ. ನಡುನಡುವೆ ಉಳಿದವರ ಹಾಡು. ಅಷ್ಟೇ. ಯುದ್ಧದಿಂದ ಮರಳಿದ ಸೈನಿಕನಿದ್ದಾನೆ, ಸೂಜಿ ಚುಚ್ಚಿಕೊಂಡು ಹಾಳಾದವನಿದ್ದಾನೆ, ಆಸ್ಪತ್ರೆಯಲ್ಲಿ ರಕ್ತ ಏರಿಸಿಕೊಂಡದ್ದೇ ತಪ್ಪಾದ ಹೆಂಗಸಿದ್ದಾಳೆ. ಕೆಲವರು ನಗಿಸುತ್ತಾರೆ, ಕೆಲವರು ಬಯ್ಯುತ್ತಾರೆ. ಸತ್ತವರೆಲ್ಲ ಒಳ್ಳೆಯವರಾಗಿದ್ದರು ಎಂಬ ಸುಳ್ಳನ್ನು ನಾಟಕ ಹೇಳುವುದಿಲ್ಲ. ಅದೇ ನನಗೆ ಹಿಡಿಸಿದ್ದು.

ರಸೆಲ್‌ಗೆ ಈ ಕಟ್ಟು ಸಿಕ್ಕಿದ್ದು ಎರಡು ಕಡೆಯಿಂದ. ಒಂದು, ಎಡ್ಗರ್ ಲೀ ಮಾಸ್ಟರ್ಸ್ ಎಂಬ ಕವಿ 1915ರಲ್ಲಿ ಪ್ರಕಟಿಸಿದ 'ಸ್ಪೂನ್ ರಿವರ್ ಆಂಥಾಲಜಿ'. ಅದರಲ್ಲಿ ಒಂದು ಊರಿನ ಸ್ಮಶಾನದಲ್ಲಿ ಮಲಗಿದವರೆಲ್ಲ ಮಾತಾಡುತ್ತಾರೆ. ಇನ್ನೊಂದು, ಅಮೆರಿಕದ ಏಡ್ಸ್ ಸ್ಮಾರಕ ಕೌದಿ.

ಕೌದಿಯ ಮಾತಿಗೆ ಬರುತ್ತೇನೆ. ಮೊದಲು ತಾರಸಿ.

ಆ ದಿನದ ಓದಿಗೆ ಮೇಷ್ಟ್ರು ಒಂದು ನಿಯಮ ಮಾಡಿದ್ದರು. ಓದಿ ಮುಗಿಸಿದವರು ತಮ್ಮ ಹಾಳೆಯನ್ನು ಮುಂದಿನ ಜಮಖಾನದ ಮೇಲಿಟ್ಟು, ಅಲ್ಲೇ ಗೋಡೆಗೊರಗಿ ನಿಲ್ಲಬೇಕು. ಕೂರುವ ಹಾಗಿಲ್ಲ. ಸಣ್ಣ ನಿಯಮ, ಆದರೆ ಓದು ಮುಂದುವರಿದಂತೆ ಕುರ್ಚಿಗಳು ಖಾಲಿಯಾಗುತ್ತ ಗೋಡೆ ತುಂಬುತ್ತ ಹೋಯಿತು. ಬಿಸಿಲೇರಿತ್ತು. ಪಾರ್ಲರಿನಾಕೆ ಸೆರಗನ್ನು ತಲೆಗೆಳೆದುಕೊಂಡು ನಿಂತರು. ನರ್ಸಮ್ಮನ ಸರದಿ ಬಂದಾಗ ಅವರು ಅರ್ಧ ಓದಿ ಹಾಳೆ ಕೆಳಗಿಟ್ಟರು.

"ಮೇಷ್ಟ್ರೇ, ಇದನ್ನ ಬಿಡಿ. ನಾನು ನೋಡಿದ್ದು ಹೇಳ್ಲಾ?" ಅಂದರು. ತೊಂಬತ್ತರ ದಶಕ. ಎರಡೆರಡು ಗ್ಲೌಸ್ ಹಾಕಿಕೊಂಡೇ ವಾರ್ಡಿಗೆ ಹೋಗುತ್ತಿದ್ದದ್ದು. ಕೇಸ್‌ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆಯುತ್ತಿದ್ದದ್ದು. ಊಟದ ತಟ್ಟೆಯನ್ನು ಬಾಗಿಲಲ್ಲೇ ಇಟ್ಟು ಒಳಕ್ಕೆ ತಳ್ಳುತ್ತಿದ್ದದ್ದು. "ಹೆಣ ತಗೊಂಡು ಹೋಗೋಕೆ ಬಂದವರು ಮುಖ ತೋರಿಸಿ ಅಂತ ಕೇಳ್ತಿರಲಿಲ್ಲ. ಕಟ್ಟಿದ ಪ್ಲಾಸ್ಟಿಕ್ ಬಿಚ್ಚಬೇಡಿ ಅಂತ ನಾವೇ ಹೇಳ್ತಿದ್ವಿ. ಬಿಚ್ಚಿದ್ರೆ ಏನೂ ಆಗ್ತಿರಲಿಲ್ಲ ಅಂತ ಈಗ ಗೊತ್ತು. ಆಗ್ಲೂ ಪುಸ್ತಕದಲ್ಲಿ ಇತ್ತು. ಓದಿರಲಿಲ್ಲ."

ಆಗ ಮೆಟ್ಟಿಲ ಮೇಲೆ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದ ಅಡುಗೆಯ ಅಕ್ಕ ಕೇಳಿದರು, "ಅಲ್ರೀ ಸರ, ಇವ್ರೆಲ್ಲಾ ಸತ್ತವ್ರು ಮಾತಾಡಾಕತ್ತಾರೇನ್ರಿ?"

ಜಮಖಂಡಿಯ ಕಡೆಯವರು. ಗಂಡ ಮಕ್ಕಳೊಡನೆ ಬಂದು ಇಲ್ಲೇ ಶೀಟಿನ ಮನೆಯಲ್ಲಿದ್ದಾರೆ. ಉತ್ತರ ಬೆಂಗಳೂರಿನ ಅಪಾರ್ಟ್‌ಮೆಂಟುಗಳನ್ನು ಕಟ್ಟಿದ್ದೂ, ಈಗ ಅವುಗಳ ಅಡುಗೆಮನೆ ನಡೆಸುತ್ತಿರುವುದೂ ಆ ಸೀಮೆಯ ಜನವೇ. ಹೌದು, ಏಡ್ಸ್ ಬಂದು ಸತ್ತವರು ಎಂದು ಮೇಷ್ಟ್ರು ವಿವರಿಸಿದರು. ಅಕ್ಕ ಸ್ವಲ್ಪ ಹೊತ್ತು ಬೆಳ್ಳುಳ್ಳಿಯನ್ನೇ ನೋಡುತ್ತಿದ್ದು ಹೇಳಿದ್ದನ್ನು ನಾನು ಆವತ್ತೇ ಬರೆದಿಟ್ಟುಕೊಂಡೆ:

"ನಮ್ ಕಡೆ ಯಾರರ ಸತ್ರ ಹಾಡ್ಯಾಡಿ ಅಳ್ತೀವ್ರಿ. ಹೆಂಗ ಹುಟ್ಟಿದಿ, ಹೆಂಗ ಬಾಳೇವು ಮಾಡಿದಿ, ಏನಾಗಿ ಹೋದಿ, ಎಲ್ಲಾ ಹೇಳಿ ಹೇಳಿ ಅಳೂದು. ಈ ಬ್ಯಾನ್ಯಾಗ ಸತ್ತವ್ರಿಗೆ ಮಾತ್ರ ಯಾರೂ ಹಂಗ ಅಳಲಿಲ್ರಿ. ಏನಾಗಿ ಹೋದಿ ಅಂತ ಬಂದಕೂಡ್ಲೇ ಬಾಯಿ ಕಟ್ಟಿ ಹೋಗ್ತಿತ್ತು. ಟಿಬಿ ಅಂದ್ವಿ, ಕಾಮಾಲಿ ಅಂದ್ವಿ. ಸುಮ್ನ ಮಣ್ಣ ಮಾಡಿದ್ವಿ."

ಏಡ್ಸ್ ಬಗ್ಗೆ ನಾನು ಓದಿದ ಎಷ್ಟೋ ವರದಿಗಳಲ್ಲಿ ಈ ಸಂಗತಿ ಇರಲಿಲ್ಲ. ಕಳಂಕದಿಂದ ಕೆಲಸ ಹೋಗುತ್ತದೆ, ಮನೆ ಹೋಗುತ್ತದೆ, ಮಗುವಿಗೆ ಶಾಲೆ ತಪ್ಪುತ್ತದೆ, ಇದೆಲ್ಲ ಗೊತ್ತಿದ್ದದ್ದೇ. ಸತ್ತ ಮೇಲೆ ಪಾಲಿಗೆ ಬರಬೇಕಾದ ಅಳುವೂ ಹೋಗುತ್ತದೆ ಎಂಬುದು ನನಗೆ ತಿಳಿದದ್ದು ಆ ಮೆಟ್ಟಿಲ ಹತ್ತಿರ. ಹಾಡ್ಯಾಡಿ ಅಳುವುದು ಜೀವನ ಚರಿತ್ರೆ ಹೇಳುವ ಕ್ರಮ. ನಡುವೆ ಒಂದು ಅಧ್ಯಾಯವನ್ನು ಮುಚ್ಚಿಟ್ಟರೆ ಹಾಡೇ ನಿಂತುಹೋಗುತ್ತದೆ. ನ್ಯೂಯಾರ್ಕಿನ ಸಂಗೀತ ನಾಟಕ ಮಾಡುತ್ತಿರುವುದೂ ಇದನ್ನೇ. ಮುಚ್ಚಿಟ್ಟ ಆ ಅಧ್ಯಾಯವನ್ನು ಸತ್ತವರ ಬಾಯಲ್ಲೇ ಹೇಳಿಸಿ, ಉಳಿದವರಿಗೆ ಹಾಡಲು ದಾರಿ ಮಾಡಿಕೊಡುತ್ತದೆ.

ಈಗ ಕೌದಿ. ಇದು ನನ್ನ ಹಳೆಯ ಹುಚ್ಚು. ಓದುಗರು ತುಸು ಸಹಿಸಿಕೊಳ್ಳಬೇಕು.

1985ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೇಣದಬತ್ತಿ ಮೆರವಣಿಗೆ ನಡೆಯಿತು. ಹಂತಕನ ಗುಂಡಿಗೆ ಬಲಿಯಾಗಿದ್ದ ಹಾರ್ವೆ ಮಿಲ್ಕ್ ಎಂಬ ಸಲಿಂಗಿ ರಾಜಕಾರಣಿಯ ನೆನಪಿಗೆ ಪ್ರತಿವರ್ಷ ನಡೆಯುತ್ತಿದ್ದ ಮೆರವಣಿಗೆ ಅದು. ಆ ವರ್ಷ ಕ್ಲೀವ್ ಜೋನ್ಸ್ ಎಂಬ ಕಾರ್ಯಕರ್ತ, ಏಡ್ಸ್‌ನಿಂದ ಸತ್ತ ತಮ್ಮವರ ಹೆಸರನ್ನು ರಟ್ಟಿನ ಮೇಲೆ ಬರೆದು ತನ್ನಿ ಎಂದು ಎಲ್ಲರಿಗೂ ಹೇಳಿದ. ಕೊನೆಗೆ ಆ ರಟ್ಟುಗಳನ್ನೆಲ್ಲ ಸರ್ಕಾರಿ ಕಟ್ಟಡವೊಂದರ ಗೋಡೆಗೆ ಅಂಟಿಸಿದರು. ದೂರದಿಂದ ನೋಡಿದರೆ ತೇಪೆ ಹಾಕಿದ ಹೊದಿಕೆ! ಅಲ್ಲಿಂದ ಹುಟ್ಟಿತು ಕೌದಿ. ಮೊದಲ ತುಂಡನ್ನು ಜೋನ್ಸ್ ತನ್ನ ಗೆಳೆಯ ಮಾರ್ವಿನ್ ಫೆಲ್ಡ್‌ಮನ್ ಹೆಸರಿಗೆ ಮಾಡಿದ. 1987ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನ ಬಯಲಿನಲ್ಲಿ ಹಾಸಿದಾಗ 1,920 ತುಂಡುಗಳಿದ್ದವು. ಈಗ ಸುಮಾರು 50,000 ತುಂಡುಗಳು, ಒಂದು ಲಕ್ಷಕ್ಕೂ ಹೆಚ್ಚು ಹೆಸರುಗಳು, 54 ಟನ್ ತೂಕ. ಒಂದೊಂದು ತುಂಡೂ ಮೂರು ಅಡಿ ಅಗಲ, ಆರು ಅಡಿ ಉದ್ದ. ಒಂದು ಗೋರಿಯ ಅಳತೆ. ಅಂಥ ಎಂಟನ್ನು ಕೂಡಿಸಿ ಹನ್ನೆರಡು ಅಡಿಯ ಚೌಕ. ಅದರ ಮೇಲೆ ಸತ್ತವರ ಜೀನ್ಸ್ ಪ್ಯಾಂಟು, ಗೊಂಬೆ, ಪತ್ರ, ಉಂಗುರ ಏನು ಬೇಕಾದರೂ ಹೊಲಿದಿರಬಹುದು.

ನಮ್ಮ ಹಳೆಯ ಸೀರೆಯ ಕೌದಿಯನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಧಾರವಾಡ, ಬಾಗಲಕೋಟೆ, ವಿಜಯಪುರದ ಮನೆಗಳಲ್ಲಿ ಅಜ್ಜಿಯ ಇಳಕಲ್ ಸೀರೆ ಪಿಸಿದು ಹೋದ ಮೇಲೂ ಮನೆ ಬಿಡುವುದಿಲ್ಲ. ಅಜ್ಜನ ಧೋತರದ ಮೇಲೆ, ಮಗಳ ಲಂಗದ ಪಕ್ಕ, ಮೊಮ್ಮಗನ ಅಂಗಿಯ ಕೆಳಗೆ ಅದಕ್ಕೊಂದು ಜಾಗ ಸಿಗುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕೈಕೌಶಲ ಇನ್ನೂ ಸೊಗಸು. ಅವರು ನಡುವಿನಿಂದ ಹೊಲಿಯುವುದಿಲ್ಲ. ಒಂದು ಮೂಲೆಯಲ್ಲಿ ಶುರುಮಾಡಿ, ಅಂಚಿನ ಗುಂಟ ಸುತ್ತು ಬರುತ್ತ, ಸಾಲುಸಾಲಾಗಿ ಒಳಕ್ಕೆ ಸರಿಯುತ್ತ, ಕೊನೆಗೆ ನಡುವಿಗೆ ಬಂದು ಸೂಜಿ ನಿಲ್ಲಿಸುತ್ತಾರೆ. ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಿಚಿ ಮಡಿಚಿ ಮುಕ್ಕೋನದ ಪುಟ್ಟ 'ಫುಲಾ' ಕೂರಿಸುತ್ತಾರೆ. ಅದಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ಲೆಕ್ಕ. ಕ್ರೈಸ್ತ ಸಿದ್ದಿಯರ ಕೌದಿಯಲ್ಲಿ ಶಿಲುಬೆಯೂ ಮುಸ್ಲಿಂ ಸಿದ್ದಿಯರದರಲ್ಲಿ ಅರ್ಧಚಂದ್ರವೂ ಬಂದು ಕೂರುವುದುಂಟು. ಅಮೆರಿಕದ ಕೌದಿ ನೋಡುವುದಕ್ಕೆ ಮಾಡಿದ್ದು, ನಮ್ಮದು ಹೊದೆಯುವುದಕ್ಕೆ. ಸತ್ತವರ ಬಟ್ಟೆ ಮೈಗೆ ತಾಗಿಕೊಂಡೇ ಇರುತ್ತದೆ, ಹೆಸರು ಬರೆಯುವ ಅಗತ್ಯವೇ ಇಲ್ಲ.

ಈ ಉತ್ಸಾಹವನ್ನೆಲ್ಲ ತಾರಸಿಯ ಮೇಲೆ ಹರಿಬಿಟ್ಟಾಗ ಅಡುಗೆಯ ಅಕ್ಕ ಒಂದೇ ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಿದರು. "ಅವ್ರ ಬಟ್ಟಿ ಕೌದಿಗೆ ಎಲ್ಲಿ ಹಾಕ್ತೀರಿ? ಸುಟ್ಟಬಿಟ್ವಲ್ರಿ."

ಅಲ್ಲಿಗೆ ಅಳುವೂ ಇಲ್ಲ, ಬಟ್ಟೆಯೂ ಇಲ್ಲ. ಉಳಿದದ್ದು ಏನು? ಅಂಕಿಅಂಶ. ಅದನ್ನು ಬೇಗ ಹೇಳಿ ಮುಗಿಸುತ್ತೇನೆ. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಭಾರತದ ಮೊದಲ ಎಚ್‌ಐವಿ ಪ್ರಕರಣಗಳನ್ನು ಪತ್ತೆ ಮಾಡಿದರು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಬಂತು. 2003ರ ಸುಮಾರಿಗೆ ಬಾಗಲಕೋಟೆ ಜಿಲ್ಲೆಯಲ್ಲಿ ನಡೆದ ಸಮೀಕ್ಷೆ ವಯಸ್ಕರಲ್ಲಿ ನೂರಕ್ಕೆ ಹೆಚ್ಚುಕಡಿಮೆ ಮೂವರಲ್ಲಿ ಸೋಂಕು ಕಂಡಿತ್ತು. ನಮ್ಮ ಅಕ್ಕನ ಊರು ಅದೇ ಜಿಲ್ಲೆಯದು. ಇವತ್ತಿಗೂ ಸೋಂಕಿನೊಂದಿಗೆ ಬದುಕುತ್ತಿರುವವರ ಲೆಕ್ಕದಲ್ಲಿ ಮಹಾರಾಷ್ಟ್ರ, ಆಂಧ್ರದ ನಂತರದ ಸ್ಥಾನ ಕರ್ನಾಟಕದ್ದು.

ಇನ್ನೊಂದು ಲೆಕ್ಕ ಮಾತ್ರ ನನ್ನನ್ನು ಬಿಡುವುದಿಲ್ಲ. ಮೂರು ಔಷಧಿಗಳನ್ನು ಕೂಡಿಸಿ ಕೊಟ್ಟರೆ ರೋಗಿ ಬದುಕುತ್ತಾನೆ ಎಂಬುದು ಜಗತ್ತಿಗೆ ಖಚಿತವಾದದ್ದು 1996ರಲ್ಲಿ. ಆಗ ಅದರ ಬೆಲೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೇಲೆ. 2001ರಲ್ಲಿ ನಮ್ಮದೇ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆಂದು ಹೇಳಿ ಜಗತ್ತನ್ನು ಬೆಚ್ಚಿಬೀಳಿಸಿದರು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಮದ್ದು, ಅಂದರೆ ಎಆರ್‌ಟಿ ಗುಳಿಗೆ, ಉಚಿತವಾಗಿ ಸಿಗಲು ಶುರುವಾದದ್ದು 2004ರ ಏಪ್ರಿಲ್ 1ರಂದು. ಅದು ಮೊದಲು ಶುರುವಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನಡುವಿನ ಎಂಟು ವರ್ಷ ಮದ್ದು ಇತ್ತು, ನಮ್ಮವರ ಕೈಗೆ ಎಟುಕುತ್ತಿರಲಿಲ್ಲ. ಆ ಎಂಟು ವರ್ಷಗಳಲ್ಲಿ ಸತ್ತವರನ್ನು ರೋಗ ಕೊಂದಿತು ಎನ್ನುವುದು ಅರ್ಧ ಸತ್ಯ.

ಹಾಗಾದರೆ ನಮ್ಮ ರಂಗಭೂಮಿ ಆಗ ಏನು ಮಾಡುತ್ತಿತ್ತು? ಸುಮ್ಮನಿರಲಿಲ್ಲ. ಆ ಕಾಲದಲ್ಲಿ ಹಳ್ಳಿಯಲ್ಲಿದ್ದವರಿಗೆ ಕಲಾಜಾಥಾ ನೆನಪಿರುತ್ತದೆ. ಜೀಪು ಬಂದು ನಿಲ್ಲುತ್ತಿತ್ತು, ತಮಟೆ ಬಡಿಯುತ್ತಿತ್ತು, ಬ್ಯಾನರ್ ಕಟ್ಟಿ ಬೀದಿನಾಟಕ. ನಾನು ನೋಡಿದ್ದರಲ್ಲೆಲ್ಲ ಒಬ್ಬ ಲಾರಿ ಡ್ರೈವರ್ ಇರುತ್ತಿದ್ದ, ಅವನು ದಾರಿ ತಪ್ಪುತ್ತಿದ್ದ, ಯಮ ಬಂದು ಎಳೆದೊಯ್ಯುತ್ತಿದ್ದ. ಕೊನೆಗೆ ಡಾಕ್ಟರ್ ಪಾತ್ರಧಾರಿ ನಿಂತು ಹರಡುವ ನಾಲ್ಕು ದಾರಿ, ತಡೆಯುವ ಉಪಾಯ ಹೇಳುತ್ತಿದ್ದ. ಸೊಳ್ಳೆ ಕಚ್ಚಿದರೆ ಬರುವುದಿಲ್ಲ, ಜೊತೆಗೆ ಉಂಡರೆ ಬರುವುದಿಲ್ಲ ಎಂದು ಓದುಬರಹ ಇಲ್ಲದವರಿಗೂ ಮುಟ್ಟಿಸಿದ್ದು ಆ ಕಲಾವಿದರೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ನಾಟಕಗಳಲ್ಲಿ ಸತ್ತವನು ಯಾವಾಗಲೂ ಎಚ್ಚರಿಕೆಯ ಫಲಕ. ಅವನಿಗೆ ಊರಿಲ್ಲ, ಇಷ್ಟದ ಹಾಡಿಲ್ಲ, ಜಗಳವಿಲ್ಲ. ಅವನು ಸತ್ತದ್ದು ನಮಗೆ ಬುದ್ಧಿ ಬರಲೆಂದು. ಪ್ರೇಕ್ಷಕರ ನಡುವೆ ನಿಂತಿದ್ದ ಅವನ ಹೆಂಡತಿಗೆ ಆ ನಾಟಕ ಏನು ಹೇಳಿರಬಹುದು?

ಕನ್ನಡದ ಬೀದಿನಾಟಕ ಹುಟ್ಟಿದ್ದು ಹೀಗಲ್ಲ. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ಹನ್ನೊಂದು ಮಂದಿಯನ್ನು ಕೊಂದು ಸುಟ್ಟರು. ಅವರಲ್ಲಿ ಹೆಚ್ಚಿನವರು ದಲಿತರು. 'ಸಮುದಾಯ' ತಂಡದ 'ಬೆಲ್ಚಿ' ಆ ಸಾವಿನ ಸುದ್ದಿಯನ್ನು ನಮ್ಮ ಬೀದಿಗಳಿಗೆ ತಂದ ನಾಟಕ. ಅಲ್ಲಿ ಸತ್ತವರು ಯಾರಿಗೂ ಪಾಠ ಹೇಳಲಿಲ್ಲ, ಲೆಕ್ಕ ಕೇಳಿದರು. ಇಲಾಖೆಯ ಅನುದಾನ, ಇಷ್ಟು ಊರಿಗೆ ಇಷ್ಟು ಪ್ರದರ್ಶನ ಎಂಬ ಗುರಿ ಬಂದ ಮೇಲೆ ಆ ಲೆಕ್ಕ ಕೇಳುವ ದನಿ ಎಲ್ಲಿ ಹೋಯಿತೆಂದು ನಾಟಕದವರೇ ಹೇಳಬೇಕು.

ಏಡ್ಸ್‌ನಿಂದ ಸತ್ತ ತನ್ನವನೊಬ್ಬನನ್ನು ಹವ್ಯಾಸಿ ತಂಡವೊಂದು ರಂಗದ ಮೇಲೆ ನೆನೆದ ನಿದರ್ಶನ ಬೇಕೆಂದರೆ ಕಾರವಾರ ದಾಟಿದರೆ ಸಾಕು. ಡಾಮಿನಿಕ್ ಡಿಸೋಜಾ ಗೋವಾದ ಹುಡುಗ, 'ಮಸ್ಟರ್ಡ್ ಸೀಡ್ ಆರ್ಟ್ ಕಂಪನಿ' ಎಂಬ ಹವ್ಯಾಸಿ ತಂಡದ ನಟ. ರಕ್ತದಾನ ಮಾಡುವ ರೂಢಿಯಿತ್ತು. 1989ರ ಫೆಬ್ರವರಿ 14ರಂದು ಪೊಲೀಸರು ಕರೆದೊಯ್ದರು. ಅವನ ರಕ್ತದಲ್ಲಿ ಎಚ್‌ಐವಿ ಇದೆ ಎಂಬುದನ್ನು ಅವನಿಗೇ ಯಾರೂ ಹೇಳಿರಲಿಲ್ಲ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ತನ್ನ ಹೆಸರಿನ ಮುಂದೆ ಬರೆದದ್ದನ್ನು ನೋಡಿ ತಿಳಿದುಕೊಂಡ. ಗೋವಾದ ಸಾರ್ವಜನಿಕ ಆರೋಗ್ಯ ಕಾಯ್ದೆ ಹೆಸರಲ್ಲಿ ಹಳೆಯ ಕ್ಷಯರೋಗ ಆಸ್ಪತ್ರೆಯೊಂದರಲ್ಲಿ 64 ದಿನ ಒಬ್ಬನನ್ನೇ ಕೂಡಿಹಾಕಿದರು. ತಾಯಿ ಲೂಸಿ ಹೈಕೋರ್ಟಿಗೆ ಹೋದರು. ಅವನು ಹೊರಬಂದನಾದರೂ ನ್ಯಾಯಾಲಯ ಆ ಕಾನೂನನ್ನು ಎತ್ತಿಹಿಡಿಯಿತು. 1992ರಲ್ಲಿ ಡಾಮಿನಿಕ್ ತೀರಿಕೊಂಡ. ತಂಡವನ್ನು ಕಟ್ಟಿದ ಇಸಾಬೆಲ್ ಡಿ ಸಾಂತಾ ರೀಟಾ ವಾಸ್ ಅವನ ಬಿಡುಗಡೆಗೆ ಹೋರಾಡಿದವರು. ಮುಂದೆ ಆ ಬದುಕನ್ನೇ ನಾಟಕವಾಗಿಸಿದರು, ಅವನ ಸಂಗಾತಿಗಳೇ ಆಡಿದರು. ಅದೇ ಬದುಕಿನಿಂದ ಹುಟ್ಟಿದ 'ಮೈ ಬ್ರದರ್ ನಿಖಿಲ್' ಸಿನಿಮಾ ಎಲ್ಲರಿಗೂ ಗೊತ್ತು. ಈ ನಾಟಕ ಎಷ್ಟು ಜನಕ್ಕೆ ಗೊತ್ತು? ನ್ಯೂಯಾರ್ಕಿನಲ್ಲಿ ಕಲ್ಪಿತ ಪಾತ್ರಗಳು 'ಎಲಿಜೀಸ್' ಮೂಲಕ ಮಾತಾಡತೊಡಗಿದ ವರ್ಷವೇ ಇಲ್ಲಿ ಒಬ್ಬ ನಿಜವಾದ ನಟನಿಗೆ ಬೀಗ ಹಾಕಿದ್ದರು.

ಬಡಗಣ ಗಡಿಗೂ ಕಣ್ಣು ಹಾಯಿಸಬಹುದು. ಸಾಂಗ್ಲಿಯ 'ಸಂಗ್ರಾಮ್' ಸಂಸ್ಥೆಯ ಬೆಂಬಲದಿಂದ 1996ರಲ್ಲಿ ಹುಟ್ಟಿದ 'ವೇಶ್ಯಾ ಅನ್ಯಾಯ ಮುಕ್ತಿ ಪರಿಷದ್' ಸಾಂಗ್ಲಿ, ಮೀರಜ್‌ನಲ್ಲಷ್ಟೇ ಅಲ್ಲ, ನಮ್ಮ ನಿಪ್ಪಾಣಿಯಲ್ಲೂ ಕೆಲಸ ಮಾಡಿದ್ದು. ಅದರಲ್ಲಿ ದೇವದಾಸಿ ಹಿನ್ನೆಲೆಯ, ಕನ್ನಡ ಮನೆಮಾತಿನ ಹೆಂಗಸರೂ ಇದ್ದಾರೆ. ಸುಷ್ಮಾ ದೇಶಪಾಂಡೆ ಅವರ ನಿರ್ದೇಶನದಲ್ಲಿ ಅವರೇ ಕಟ್ಟಿ ಆಡಿದ ನಾಟಕವೊಂದಿದೆ. ತಾಯಿ, ವೇಶ್ಯಾಗೃಹ ನಡೆಸುವ ಘರ್‌ವಾಲಿ, ಅವಳ ಮಾಲೀಕ, ಅವನ ಹೆಂಡತಿ, ಎಲ್ಲರೂ ಅದರಲ್ಲಿ ಬರುತ್ತಾರೆ. ಆದರೆ ಅದು ಬದುಕಿರುವವರು ತಮ್ಮ ಬದುಕಿನ ಪರವಾಗಿ ಹೂಡಿದ ಜಗಳ. ಅಳುವುದಕ್ಕೆ ಅವರಿಗೆ ಪುರುಸೊತ್ತಿಲ್ಲ, ಸರಿಯೇ. ಅಳುವ ದನಿ ಬೇಕೆಂದರೆ ನಮ್ಮ ಜೋಗತಿಯರ ಹಾಡಿನಲ್ಲಿದೆ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಕಾಳವ್ವ ಜೋಗತಿಯಿಂದ ಕಲಿತ ಪದ, ಕುಣಿತಗಳನ್ನು ಊರೂರಿಗೆ ಒಯ್ದು, ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ, 2021ರಲ್ಲಿ ಪದ್ಮಶ್ರೀ ಪಡೆದದ್ದನ್ನು ನಾಡೆಲ್ಲ ನೋಡಿತು. ಜೋಗತಿಯರು ತಮ್ಮ ವಾದ್ಯ ಚೌಡಿಕೆಯನ್ನು ಕಂಕುಳಲ್ಲಿ ಅವಚಿ, ತಂತಿ ಬಿಗಿದು ಸಡಿಲಿಸಿ ನುಡಿಸುವಾಗ ಬರುವ ಆ ಕೊರಗು ಕೇಳಿದವರಿಗೆ ನಾನು ಹೇಳಹೊರಟಿದ್ದು ಅರ್ಥವಾಗುತ್ತದೆ. ಇಂಥದ್ದೊಂದು ಸಂಗೀತ ನಾಟಕಕ್ಕೆ ಪಿಯಾನೊ ಬೇಕಿಲ್ಲ.

ಮಾದರಿಗೂ ಬೇರೆ ಕಡೆ ಕೈಚಾಚಬೇಕಿಲ್ಲ. ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನ ಸಂಜಯನೊಡನೆ ಕುರುಕ್ಷೇತ್ರದಲ್ಲಿ ನಡೆಯುತ್ತ ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ, ಒಬ್ಬೊಬ್ಬರ ಹೆಣದೆದುರೂ ನಿಂತು ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಅಳುತ್ತಾನೆ. ವೈರಿಯ ಮಗ ಅಭಿಮನ್ಯುವಿಗೂ ಅವನಲ್ಲಿ ಮೆಚ್ಚಿನ ಮಾತಿದೆ. ಬಿ.ಎಂ.ಶ್ರೀ. 1926ರಲ್ಲಿ ಅದನ್ನು 'ಗದಾಯುದ್ಧ ನಾಟಕಂ' ಮಾಡಿಯೂ ಕೊಟ್ಟರು. ಹೆಸರು ಉಳಿಸುವುದರಲ್ಲೂ ನಾವು ಹಿಂದೆ ಬಿದ್ದವರಲ್ಲ. ಜಕ್ಕೂರಿನ ಪಕ್ಕದ ಹೆಬ್ಬಾಳದಲ್ಲಿ 2018ರಲ್ಲಿ ಕಣ್ಣಿಗೆ ಬಿದ್ದ ವೀರಗಲ್ಲು ಕ್ರಿ.ಶ. 750ರ ಸುಮಾರಿನದು, ಸತ್ತವನ ಹೆಸರು ಕಿತ್ತಯ್ಯ. ಹನ್ನೆರಡೂವರೆ ಶತಮಾನ ಕಳೆದ ಮೇಲೂ ಅವನು ಯಾರೆಂದು ನಮಗೆ ಗೊತ್ತು. ಇಪ್ಪತ್ತೈದು ವರ್ಷದ ಹಿಂದೆ ಸತ್ತವರ ಬಗ್ಗೆ ಟಿಬಿ, ಕಾಮಾಲೆ ಎನ್ನುತ್ತೇವೆ.

ಹೆಸರು ಹೇಳಬೇಕು ಎಂದು ನಾನು ಜೋರು ಮಾಡಿದಾಗ ಪಾರ್ಲರಿನಾಕೆ ತಡೆದರು. "ಸರ್, ಸತ್ತವರ ಹೆಸರು ಹೇಳಿದ್ರೆ ಬದುಕಿರೋ ಮಗಳ ಮದುವೆ ನಿಲ್ಲುತ್ತೆ." ಮಾತು ಕಟುವಾದರೂ ಸರಿ. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯೂ ಒಬ್ಬರ ಸೋಂಕಿನ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವಂತಿಲ್ಲ ಎನ್ನುತ್ತದೆ. ಅಮೆರಿಕದ ಕೌದಿಯಲ್ಲೂ ಬರೀ ಮೊದಲ ಹೆಸರಿನ, ಹೆಸರೇ ಇಲ್ಲದ ತುಂಡುಗಳಿವೆ. ನಾಟಕದ ಉಪಯೋಗ ಇರುವುದೇ ಇಲ್ಲಿ. 'ಎಲಿಜೀಸ್'ನಲ್ಲಿ ಮಾತಾಡುವವರು ಯಾರೂ ಇದ್ದವರಲ್ಲ, ಎಲ್ಲರೂ ಕಟ್ಟಿದ ಪಾತ್ರಗಳು. ಆದರೆ ಎದುರಿಗೆ ಕೂತ ಯಾರೋ ಒಬ್ಬರಿಗೆ ಅದು ತಮ್ಮ ಅಣ್ಣನೇ ಎಂದು ಗೊತ್ತಾಗಿಬಿಡುತ್ತದೆ. ಪಕ್ಕದಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ಇದಕ್ಕಿಂತ ಒಳ್ಳೆಯ ಮರೆ ನಮ್ಮ ಊರುಗಳಲ್ಲಿ ಇನ್ನೆಲ್ಲಿ ಸಿಗಬೇಕು?

ನರ್ಸಮ್ಮನ ಆಕ್ಷೇಪ ಇನ್ನೂ ಗಟ್ಟಿಯದು. "ಈಗ ಗುಳಿಗೆ ಸರಿಯಾಗಿ ತಗೊಂಡ್ರೆ ಯಾರೂ ಸಾಯಬೇಕಾಗಿಲ್ಲ. ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದ್ರೆ ಸಂಗಾತಿಗೂ ಹರಡಲ್ಲ. ನೀವು ಸ್ಟೇಜ್ ಮೇಲೆ ಬರೀ ಹೆಣ ತೋರಿಸಿದ್ರೆ ಇವತ್ತು ಟೆಸ್ಟ್ ಮಾಡಿಸ್ಕೊಂಡ ಹುಡುಗ ಎದೆ ಒಡ್ಕೊಂಡು ಸಾಯ್ತಾನೆ." ಇದಕ್ಕೆ ಯಾರ ಬಳಿಯೂ ತಕ್ಷಣ ಉತ್ತರವಿರಲಿಲ್ಲ. ಉಪ್ಪಿಟ್ಟು ತಣ್ಣಗಾಗುವತನಕ ಚರ್ಚೆ ನಡೆಯಿತು.

ಕೀಬೋರ್ಡಿನ ಹುಡುಗಿ ಕೊಟ್ಟ ಪರಿಹಾರ ನನಗೆ ಒಪ್ಪಿಗೆಯಾಯಿತು. ಪ್ರತಿ ಪಾತ್ರವೂ ಮಾತು ಶುರುಮಾಡುವ ಮೊದಲು ತಾನು ಸತ್ತ ಇಸವಿ ಹೇಳಲಿ. 1993ರವನ ಕಾಲದಲ್ಲಿ ಬದುಕಿಸುವ ಮದ್ದೇ ಇರಲಿಲ್ಲ. 1999ರವಳಿಗೆ ಮದ್ದು ಇತ್ತು, ದುಡ್ಡಿರಲಿಲ್ಲ. 2003ರವನು ಕೆಲವು ತಿಂಗಳು ತಡೆದಿದ್ದರೆ ಉಳಿಯುತ್ತಿದ್ದ. 2012ರವಳು ಆಸ್ಪತ್ರೆಯಲ್ಲಿ ಗುಳಿಗೆ ಇದ್ದರೂ ನೆರೆಯವರು ನೋಡಿಯಾರೆಂದು ಬಸ್ಸು ಹತ್ತಲಿಲ್ಲ. ಹೀಗೆ ಹೇಳಿದರೆ ಇದು ಹೆದರಿಸುವ ನಾಟಕವಾಗುವುದಿಲ್ಲ. ಯಾವ ಸಾವನ್ನು ಯಾರು ತಪ್ಪಿಸಬಹುದಿತ್ತು ಎಂಬ ಲೆಕ್ಕ ಪ್ರೇಕ್ಷಕರ ತಲೆಯಲ್ಲೇ ನಡೆಯುತ್ತದೆ. 'ಬೆಲ್ಚಿ' ಕೇಳಿದ್ದೂ ಅಂಥದೇ ಲೆಕ್ಕವನ್ನು.

ಮೇಷ್ಟ್ರಿಗೆ ಇನ್ನೂ 'ಎಲಿಜೀಸ್' ಮೇಲೆಯೇ ಮನಸ್ಸು. ಹಕ್ಕು ಪಡೆದು, ಡಾಲರಿನಲ್ಲಿ ರಾಯಧನ ಕಟ್ಟಿ, ಡಿಸೆಂಬರ್ 1ರ ವಿಶ್ವ ಏಡ್ಸ್ ದಿನಕ್ಕೆ ಒಂದು ಪ್ರದರ್ಶನ ಮಾಡಬೇಕೆಂದು ಲೆಕ್ಕ ಹಾಕುತ್ತಿದ್ದಾರೆ. ಒಳ್ಳೆಯ ನಾಟಕ, ಯಾರಾದರೂ ಆಡಿದರೆ ನಾನು ಮೊದಲ ಸಾಲಿನಲ್ಲಿರುತ್ತೇನೆ. ಆದರೆ ಜಕ್ಕೂರಿನವರು ಆ ದುಡ್ಡನ್ನು ಬಾಗಲಕೋಟೆಯ ಬಸ್ ಚಾರ್ಜಿಗೆ ಇಟ್ಟುಕೊಂಡು, ಅಡುಗೆಯ ಅಕ್ಕನನ್ನೂ ಕೂರಿಸಿಕೊಂಡು, ತಮ್ಮದೇ ನಾಟಕ ಬರೆಯಲಿ ಎಂಬುದು ನನ್ನ ಹಟ. ಪಾತ್ರಗಳ ಹೆಸರು ಕಟ್ಟಿದ್ದಾಗಲಿ, ಇಸವಿ ನಿಜವಾದದ್ದಾಗಿರಲಿ.